ಮೊದಲ ಇಪ್ಪತ್ತು ನಿಮಿಷ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು 2003–04ನೇ ಸಾಲಿನಲ್ಲಿ ಇಲ್ಲಿ ಎಸ್ಸೆಸ್ಸೆಲ್ಸಿ ಓದಿದವನು. ಆಮೇಲೆ ಪಿಯುಸಿ, ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದೇನೆ. ಸಮಿತಿಯವರು ಫೋನ್ ಮಾಡಿ, "ಕಂಪ್ಯೂಟರ್ ಬಗ್ಗೆಯೋ, ಮಕ್ಕಳು ಮುಂದೆ ಏನು ಓದಬೇಕು ಅನ್ನೋದರ ಬಗ್ಗೆಯೋ ಹತ್ತು ಮಾತು ಆಡಪ್ಪಾ" ಅಂದರು. ಒಪ್ಪಿಕೊಂಡೆ. ಆದರೆ ಬರೆಯಲು ಕೂತಾಗ ಬೇರೊಂದು ವಿಷಯವೇ ಬಾಯಿಗೆ ಬಂತು. ಸಮಿತಿಯವರು ಕ್ಷಮಿಸಬೇಕು. ನಾನು ಇವತ್ತು ಮಾತಾಡುವುದು ಸುಟ್ಟ ಗಾಯದ ಬಗ್ಗೆ. ಹತ್ತಿರದಲ್ಲಿ ಡಾಕ್ಟರ್ ಇಲ್ಲದಾಗ, ಔಷಧಿ ಕಡಿಮೆ ಇದ್ದಾಗ, ಕೈಯಲ್ಲಿರುವುದರಲ್ಲೇ ಏನು ಮಾಡಬಹುದು ಎನ್ನುವುದರ ಬಗ್ಗೆ.

ನಾನು ಡಾಕ್ಟರ್ ಅಲ್ಲ. ಆದರೂ ಈ ವಿಷಯ ಯಾಕೆ ಆರಿಸಿಕೊಂಡೆ ಅಂತ ಹೇಳಬೇಕಾದರೆ ನಮ್ಮ ಮನೆಯ ಬಚ್ಚಲಿನಿಂದ ಶುರು ಮಾಡಬೇಕು.

2003ರ ಸಂಕ್ರಾಂತಿ. ನಾನು ಒಂಬತ್ತನೇ ಕ್ಲಾಸು, ನನ್ನ ತಂಗಿಗೆ ಆರು ವರ್ಷ. ಹಬ್ಬದ ಬೆಳಿಗ್ಗೆ ಎಲ್ಲರಿಗೂ ಎಣ್ಣೆ ನೀರು. ಹಂಡೆ ಕೊತಕೊತ ಕುದಿಯುತ್ತಿತ್ತು. ಅವ್ವ, "ಮಗೀಗೆ ನೀರು ತೋಡು" ಅಂತ ಹೇಳಿ ಒಳಗೆ ಹೋದಳು. ನಾನು ಹಂಡೆಯಿಂದ ಕುದಿಯುವ ನೀರನ್ನು ಬಕೆಟ್ಟಿಗೆ ತೋಡಿದೆ. ತಣ್ಣೀರು ಬೆರೆಸಬೇಕಿತ್ತು. ತೊಟ್ಟಿಯಿಂದ ತರೋಣ ಅಂತ ಹೊರಗೆ ಹೋದೆ. ಹೊರಗೆ ಹುಡುಗರು ಎತ್ತಿಗೆ ಕಿಚ್ಚು ಹಾಯಿಸುವ ಮಾತಾಡುತ್ತಾ ನಿಂತಿದ್ದರು. ಎರಡು ನಿಮಿಷ ನಿಂತೆ. ಅಷ್ಟೇ. ಒಳಗಿನಿಂದ ಕೂಗು ಕೇಳಿತು. ಎಣ್ಣೆ ಹಚ್ಚಿದ ಮಗು ಬಚ್ಚಲ ಕಲ್ಲಿನ ಮೇಲೆ ಜಾರಿ ಬಕೆಟ್ಟಿನ ಮೇಲೆ ಬಿದ್ದಿತ್ತು. ಬಲಗೈ ಮೊಣಕೈ ತನಕ ನೀರಿನೊಳಗೆ. ಬಕೆಟ್ ಉರುಳಿ ಎದೆ, ಹೊಟ್ಟೆ, ತೊಡೆಯ ಮೇಲೂ ಬಿದ್ದಿತ್ತು.

ಮುಂದಿನ ಅರ್ಧ ಗಂಟೆ ನಾವು ಮಾಡಿದ್ದನ್ನೆಲ್ಲ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಕೂತಿರುವ ಬಹಳ ಮನೆಗಳಲ್ಲಿ ಇವತ್ತಿಗೂ ಅದನ್ನೇ ಮಾಡುತ್ತಾರೆ. ಅಜ್ಜಿ ರಾಗಿ ಹಿಟ್ಟು ತಂದು ಎದೆಗೆ ಹಚ್ಚಿತು. ಪಕ್ಕದ ಮನೆಯವರು "ನೀರು ಮುಟ್ಟಿಸಬೇಡಿ, ಬೊಬ್ಬೆ ಏಳುತ್ತೆ" ಅಂದರು. ಇನ್ನೊಬ್ಬರು "ಇಂಕು ಹಾಕಿ, ಉರಿ ನಿಲ್ಲುತ್ತೆ" ಅಂದರು. ನಾನು ಓಡಿಹೋಗಿ ನನ್ನ ಸ್ಕೂಲ್ ಬ್ಯಾಗಿನಿಂದ ನೀಲಿ ಇಂಕಿನ ಬಾಟಲಿ ತಂದು ಪೂರ್ತಿ ಅವಳ ಕೈಮೇಲೆ ಸುರಿದೆ. ಆಮೇಲೆ ಮಗುವನ್ನು ಕಂಬಳಿಯಲ್ಲಿ ಸುತ್ತಿದೆವು. ಕೈಯಲ್ಲಿದ್ದ ಗಾಜಿನ ಬಳೆ, ಬೆಳ್ಳಿ ಕಡಗ ಹಾಗೆಯೇ ಇದ್ದವು.

ಆ ತಿಂಗಳು ನಮ್ಮ ವಿಜ್ಞಾನದ ಮೇಷ್ಟ್ರು ಶಾಖದ ಪಾಠ ಮಾಡಿದ್ದರು. ಶಾಖ ಬಿಸಿ ವಸ್ತುವಿನಿಂದ ತಣ್ಣನೆಯ ವಸ್ತುವಿಗೆ ಹರಿಯುತ್ತದೆ, ನೀರು ಬಹಳ ಶಾಖವನ್ನು ಹೀರಿಕೊಳ್ಳಬಲ್ಲದು ಎಂದು ನಾನು ಅದೇ ಇಂಕಿನಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೆ. ತೊಟ್ಟಿಯ ತುಂಬ ತಣ್ಣೀರಿತ್ತು. ಆ ಪಾಠಕ್ಕೂ ಈ ಕೈಗೂ ಸಂಬಂಧ ಇದೆ ಅಂತ ನನಗೆ ಹೊಳೆಯಲಿಲ್ಲ.

ಆರು ಕಿಲೋಮೀಟರ್ ದೂರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಂದು ಟೆಂಪೋದಲ್ಲಿ ಹೋದೆವು. ಆಗ 108 ಆಂಬ್ಯುಲೆನ್ಸ್ ಇರಲಿಲ್ಲ. ಅದು ನಮ್ಮ ರಾಜ್ಯಕ್ಕೆ ಬಂದದ್ದು 2008ರಲ್ಲಿ. ಇದ್ದ ಒಬ್ಬರೇ ಡಾಕ್ಟರು ಹಬ್ಬಕ್ಕೆ ಊರಿಗೆ ಹೋಗಿದ್ದರು. ಅದು ತಪ್ಪೇನಲ್ಲ, ಅವರಿಗೂ ಹಬ್ಬ ಇರುತ್ತದೆ. ಇದ್ದವರು ಒಬ್ಬ ಸಿಸ್ಟರ್ ಮಾತ್ರ. ಅವರ ಹೆಸರು ಹೇಳಬೇಡ ಅಂತ ಅವರೇ ಹೇಳಿದ್ದಾರೆ, ಹಾಗಾಗಿ ಹೇಳುವುದಿಲ್ಲ. ಸಿಸ್ಟರಮ್ಮ ಅಂತಲೇ ಕರೆಯುತ್ತೇನೆ.

ಸಿಸ್ಟರಮ್ಮ ಕಂಬಳಿ ಬಿಚ್ಚಿ ನೋಡಿ ಮೊದಲು ನನ್ನನ್ನೇ ಬೈದರು. "ಈ ನೀಲಿ ಒಳಗೆ ಎಷ್ಟು ಆಳ ಸುಟ್ಟಿದೆ ಅಂತ ಹೆಂಗಪ್ಪ ನೋಡ್ಲಿ ನಾನು?" ಅಂದರು. ಆಗ ನನಗೆ ಆ ಮಾತು ಅರ್ಥವಾಗಲಿಲ್ಲ. ಸುಟ್ಟ ಜಾಗದ ಬಣ್ಣ ನೋಡಿಯೇ ಗಾಯದ ಆಳ ಅಳೆಯುವುದು. ಕೆಂಪಗಿದ್ದು ಒತ್ತಿದರೆ ಬೆಳ್ಳಗಾಗಿ ಮತ್ತೆ ಕೆಂಪಾದರೆ ಒಳಗೆ ರಕ್ತ ಓಡುತ್ತಿದೆ ಎಂದರ್ಥ. ಸುಣ್ಣದ ಹಾಗೆ ಬೆಳ್ಳಗೋ, ಚರ್ಮದ ಚಪ್ಪಲಿಯ ಹಾಗೆ ಗಡುಸಾಗಿಯೋ ಇದ್ದು, ಮುಟ್ಟಿದರೂ ನೋವಿಲ್ಲ ಅಂದರೆ ಅದು ಆಳದ ಗಾಯ. ನೋವು ಇಲ್ಲ ಅಂದರೆ ವಾಸಿ ಅಂತ ನಾವು ತಿಳಿಯುತ್ತೇವೆ. ಸುಟ್ಟ ಗಾಯದಲ್ಲಿ ಅದು ಉಲ್ಟಾ. ಚರ್ಮದ ಜೊತೆ ನರದ ತುದಿಗಳೂ ಸುಟ್ಟಿರುವುದರಿಂದ ನೋವು ಗೊತ್ತಾಗುವುದಿಲ್ಲ.

ಅವತ್ತು ಅವರ ಹತ್ತಿರ ಇದ್ದದ್ದು ಬಹಳ ಕಡಿಮೆ. ಆದರೆ ಆ ಐದು ಗಂಟೆಯಲ್ಲಿ ಅವರು ಮಾಡಿದ ಒಂದೊಂದು ಕೆಲಸಕ್ಕೂ ಕಾರಣ ಇತ್ತು ಅಂತ ನನಗೆ ಹನ್ನೊಂದು ವರ್ಷದ ಮೇಲೆ ಗೊತ್ತಾಯಿತು. 2014ರಲ್ಲಿ ನಮ್ಮ ಕಂಪನಿಯವರು ನನ್ನನ್ನು ನಮ್ಮ ಮಹಡಿಯ ಫೈರ್ ವಾರ್ಡನ್ ಮಾಡಿ ಎರಡು ದಿನ ಪ್ರಥಮ ಚಿಕಿತ್ಸೆಯ ತರಬೇತಿ ಕೊಡಿಸಿದರು. ತರಬೇತಿ ಕೊಡುವವರು, "ಸುಟ್ಟ ತಕ್ಷಣ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ" ಅಂದಾಗ ನಾನು ಎದ್ದು ಹೊರಗೆ ಹೋದೆ. ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ಕೂತಿದ್ದು ಒಳಗೆ ಬಂದೆ. ಆವತ್ತಿನಿಂದ ಇದರ ಬಗ್ಗೆ ಓದುತ್ತಾ, ಡಾಕ್ಟರುಗಳನ್ನು, ಸಿಸ್ಟರುಗಳನ್ನು ಕೇಳುತ್ತಾ ಬಂದಿದ್ದೇನೆ.

ಸಿಸ್ಟರಮ್ಮ ಮಾಡಿದ ಮೊದಲ ಕೆಲಸ, ಬಳೆ ಒಡೆದು, ಕಡಗ ಕತ್ತರಿಸಿ ತೆಗೆದದ್ದು. ಸುಟ್ಟ ಕೈ ಗಂಟೆಯೊಳಗೆ ಊದುತ್ತದೆ. ಊದಿದ ಮೇಲೆ ಬಳೆ, ಉಂಗುರ, ಕಾಲುಂಗುರ, ಉಡಿದಾರ ಇವೆಲ್ಲ ಹಗ್ಗ ಬಿಗಿದ ಹಾಗೆ ರಕ್ತ ಓಡದಂತೆ ಮಾಡುತ್ತವೆ.

ಎರಡನೆಯದು ನೀರು. ಸುಟ್ಟು ಒಂದು ಗಂಟೆಯ ಮೇಲಾಗಿದ್ದರೂ ಕೊಳಾಯಿ ನೀರನ್ನು ಕೈಮೇಲೆ ಬಿಟ್ಟರು. ಮೊದಲ ನಿಮಿಷಗಳಲ್ಲಿ ಹಾಕಿದ ನೀರಿಗೆ ಇರುವ ಬೆಲೆ ಬೇರೆ. ಆದರೆ ಮೂರು ಗಂಟೆಯ ಒಳಗಾದರೆ ಆಗಲೂ ಉಪಯೋಗ ಇದೆ ಅಂತ ಡಾಕ್ಟರುಗಳು ಹೇಳುತ್ತಾರೆ. ನೀರು ಹಾಕುವಾಗ ಮಗುವಿನ ಉಳಿದ ಮೈಯನ್ನು ಒಣ ಬಟ್ಟೆಯಲ್ಲಿ ಸುತ್ತಿ ಅವ್ವನ ಎದೆಗೆ ಕೊಟ್ಟರು. ಚಿಕ್ಕ ಮಕ್ಕಳ ಮೈ ಬೇಗ ತಣ್ಣಗಾಗುತ್ತದೆ. ಗಾಯ ತಣ್ಣಗಾಗಬೇಕು, ಮಗು ಬೆಚ್ಚಗಿರಬೇಕು. ಇದೇ ಕಾರಣಕ್ಕೆ ಐಸ್ ಇಡಬಾರದು. ಐಸ್ ಇಟ್ಟರೆ ಅಲ್ಲಿಯ ರಕ್ತನಾಳ ಮುದುಡಿ ಗಾಯ ಇನ್ನೂ ಆಳಕ್ಕಿಳಿಯಬಹುದು.

ಮೂರನೆಯದು ಅಳತೆ. ನನ್ನ ತಂಗಿಯ ಎಡ ಅಂಗೈಯನ್ನು ಬಿಡಿಸಿ, ಅದರ ಅಳತೆಯಲ್ಲಿ ಗಾಯವನ್ನು ಎಣಿಸಿದರು. ಒಬ್ಬ ಮನುಷ್ಯನ ಅಂಗೈ, ಬೆರಳೂ ಸೇರಿ, ಅವನ ಮೈ ಚರ್ಮದ ಸುಮಾರು ನೂರರಲ್ಲಿ ಒಂದು ಪಾಲು. ನನ್ನ ತಂಗಿಗೆ 14 ಅಂಗೈ ಆಯಿತು. ದೊಡ್ಡವರಿಗೆ ಇನ್ನೊಂದು ಲೆಕ್ಕ ಇದೆ, ಒಂಬತ್ತರ ಮಗ್ಗಿ. ತಲೆ 9, ಒಂದೊಂದು ಕೈ 9, ಎದೆ ಹೊಟ್ಟೆ ಸೇರಿ 18, ಬೆನ್ನು 18, ಒಂದೊಂದು ಕಾಲು 18, ಗುಪ್ತಾಂಗ 1. ಕೂಡಿಸಿ ನೋಡಿ ಮಕ್ಕಳೇ, ನೂರಾಗುತ್ತದೆ. ಚಿಕ್ಕ ಮಕ್ಕಳಿಗೆ ತಲೆ ದೊಡ್ಡದು, ಕಾಲು ಚಿಕ್ಕದು, ಹಾಗಾಗಿ ಈ ಲೆಕ್ಕ ಅವರಿಗೆ ಹಾಗೇ ಹೊಂದುವುದಿಲ್ಲ.

ಈ ಅಳತೆ ಯಾಕೆ ಬೇಕು? ಚರ್ಮ ಅಂದರೆ ಬರೀ ಹೊದಿಕೆ ಅಲ್ಲ, ಮೈಯ ನೀರನ್ನು ಒಳಗೇ ಹಿಡಿದಿಡುವ ಬಾನಿ. ಅದು ಸುಟ್ಟಾಗ ರಕ್ತನಾಳಗಳಿಂದ ನೀರು, ಉಪ್ಪು ಎಲ್ಲ ಸೋರಿ ಹೋಗುತ್ತವೆ. ಮಕ್ಕಳಿಗೆ ನೂರಕ್ಕೆ 10, ದೊಡ್ಡವರಿಗೆ ನೂರಕ್ಕೆ 15 ದಾಟಿ ಸುಟ್ಟರೆ ಡ್ರಿಪ್ ಬೇಕೇ ಬೇಕು. ಮೊದಲ ದಿನಗಳಲ್ಲಿ ಬಹಳ ಜನ ಸಾಯುವುದು ಈ ನೀರಿನ ಕೊರತೆಯಿಂದ. ಎಷ್ಟು ಕೊಡಬೇಕು ಎಂಬುದಕ್ಕೆ ಡಾಕ್ಟರುಗಳು ಬಳಸುವ ಒಂದು ಹೆಸರಾದ ಲೆಕ್ಕ ಇದೆ, ಪಾರ್ಕ್‌ಲ್ಯಾಂಡ್ ಸೂತ್ರ ಅಂತ. ದೊಡ್ಡವರ ತೂಕ ಕೆಜಿಯಲ್ಲಿ, ಸುಟ್ಟ ಪ್ರಮಾಣ ನೂರಕ್ಕೆ ಎಷ್ಟು, ಇವೆರಡನ್ನೂ ಗುಣಿಸಿ ಮತ್ತೆ 4ರಿಂದ ಗುಣಿಸುವುದು. 50 ಕೆಜಿ ತೂಕದವರಿಗೆ ನೂರಕ್ಕೆ 20 ಸುಟ್ಟಿದ್ದರೆ 4,000 ಮಿಲಿಲೀಟರ್, ಅಂದರೆ ಅರ್ಧ ಲೀಟರಿನ ಎಂಟು ಬಾಟಲಿ. ಅದರಲ್ಲಿ ಅರ್ಧ, ನಾಲ್ಕು ಬಾಟಲಿ, ಮೊದಲ 8 ಗಂಟೆಯಲ್ಲೇ ಹೋಗಬೇಕು. ಆ 8 ಗಂಟೆ ಶುರುವಾಗುವುದು ಆಸ್ಪತ್ರೆಗೆ ಬಂದ ಹೊತ್ತಿನಿಂದ ಅಲ್ಲ, ಸುಟ್ಟ ಹೊತ್ತಿನಿಂದ. ಹಾಗಾಗಿ ಸುಟ್ಟ ಗಾಯ ಆದಾಗ ಯಾರಾದರೂ ಒಬ್ಬರು ಗಡಿಯಾರ ನೋಡಿ ಹೊತ್ತು ಬರೆದಿಡಬೇಕು. ಡಾಕ್ಟರು ಕೇಳುವ ಮೊದಲ ಪ್ರಶ್ನೆ ಅದೇ.

ಸಿಸ್ಟರಮ್ಮ ಡ್ರಿಪ್ ಹಾಕಲು ನೋಡಿದರು. ಆರು ವರ್ಷದ ಮಗುವಿನ ನರ ಸಿಗಲಿಲ್ಲ. ಮೂರು ಸಲ ಚುಚ್ಚಿ ಬಿಟ್ಟರು. ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಬೆರೆಸಿ, ಒಂದು ಚಮಚ ನನ್ನ ಕೈಗೆ ಕೊಟ್ಟು ಹೇಳಿದರು: "ಎರಡು ನಿಮಿಷಕ್ಕೆ ಒಂದು ಚಮಚ. ಜಾಸ್ತಿ ಬೇಡ, ವಾಂತಿ ಆಗುತ್ತೆ. ಒಂದೊಂದಕ್ಕೂ ಗೆರೆ ಹಾಕು. ಉಚ್ಚೆ ಹೊಯ್ದರೆ ಈ ಡಬ್ಬಿಯಲ್ಲಿ ಹಿಡಿ, ಎಷ್ಟು ಅಂತ ಬರಿ." ಗಂಟೆಗೆ 30 ಚಮಚ, 150 ಮಿಲಿಲೀಟರ್. ನಾಲ್ಕು ಗಂಟೆ ಹಾಗೆ ಕೊಟ್ಟೆ. ಕೇಸ್ ಶೀಟಿನ ಹಿಂದೆ ನನ್ನ ಗೆರೆಗಳು ತುಂಬಿದವು.

ಆ ಡಬ್ಬಿಯ ವಿಷಯ ಕೇಳಿ ನಗಬೇಡಿ. ಮೂತ್ರ ಬರುತ್ತಿದೆ ಅಂದರೆ ಮೈಯೊಳಗೆ ನೀರು ಸಾಕಷ್ಟಿದೆ ಅಂತ. ದೊಡ್ಡವರಿಗೆ ಗಂಟೆಗೆ ಕೆಜಿಗೆ ಅರ್ಧ ಮಿಲಿಲೀಟರ್, ಮಕ್ಕಳಿಗೆ ಒಂದು ಮಿಲಿಲೀಟರ್ ಬಂದರೆ ಸರಿ. ದೊಡ್ಡ ಆಸ್ಪತ್ರೆಯಲ್ಲಿ ಎಷ್ಟೇ ಮೆಷಿನ್ ಇದ್ದರೂ ಈ ಅಳತೆಯನ್ನು ಬಿಡುವುದಿಲ್ಲ. ಏನೂ ಇಲ್ಲದ ಕಡೆ ಇದೊಂದೇ ಮೀಟರ್. ಇನ್ನು ಓಆರ್‌ಎಸ್. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದಾಗ, ಡ್ರಿಪ್ ಮುಗಿದು ಹೋಗಿ, ಕೊಲ್ಕತ್ತದ ಡಾ. ದಿಲೀಪ್ ಮಹಲನಬೀಸ್ ಅವರು ಡ್ರಮ್ಮುಗಳಲ್ಲಿ ಉಪ್ಪು ಸಕ್ಕರೆಯ ನೀರು ಕಲಸಿಟ್ಟು, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿ ಸಾವಿರಾರು ಜೀವ ಉಳಿಸಿದರು. ದೊಡ್ಡ ಗಾಯಕ್ಕೆ ಡ್ರಿಪ್ಪೇ ಸರಿ. ಆದರೆ ಡ್ರಿಪ್ ಸಿಗುವುದು ತಡ ಅಂದಾಗ, ಎಚ್ಚರ ಇರುವ, ವಾಂತಿ ಮಾಡದ ರೋಗಿಗೆ ಗುಟುಕು ಗುಟುಕಾಗಿ ಓಆರ್‌ಎಸ್ ಕುಡಿಸಬಹುದು. ಬರೀ ನೀರು ಲೀಟರುಗಟ್ಟಲೆ ಕುಡಿಸಬಾರದು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು.

ನಾಲ್ಕನೆಯದು ಹೊದಿಕೆ. ಅವರ ಹತ್ತಿರ ಬ್ಯಾಂಡೇಜು ಮುಗಿದಿತ್ತು. ಕ್ವಾರ್ಟರ್ಸಿಗೆ ಹೋಗಿ ಒಗೆದು ಇಸ್ತ್ರಿ ಮಾಡಿಟ್ಟಿದ್ದ ತಮ್ಮದೇ ಹಳೆಯ ವಾಯಿಲ್ ಸೀರೆ ತಂದು ಹರಿದರು. ಬೆರಳಿಗೆ ಬೆರಳು ಅಂಟಬಾರದು ಅಂತ ಒಂದೊಂದು ಬೆರಳಿಗೂ ಬೇರೆ ಬೇರೆ ಸುತ್ತಿದರು. ಬೊಬ್ಬೆ ಒಡೆಯಲಿಲ್ಲ. ಧನುರ್ವಾಯು ಇಂಜೆಕ್ಷನ್ ಹಾಕಿದರು. ಕೈಯನ್ನು ಎದೆಗಿಂತ ಮೇಲೆ ಇಡಿಸಿದರು. ಸಂಜೆ ಜೀಪಿನಲ್ಲಿ ಜಿಲ್ಲಾಸ್ಪತ್ರೆಗೆ ಹೋದಾಗ ಅಲ್ಲಿಯ ಡಾಕ್ಟರು ನನ್ನ ಗೆರೆಗಳ ಹಾಳೆ ನೋಡಿ, "ಇದನ್ನ ಬರೆದವರು ಯಾರು?" ಅಂದರು. ಬೈತಾರೆ ಅಂತ ಹೆದರಿ ಅವ್ವನ ಹಿಂದೆ ನಿಂತೆ. ಅವರು ಆ ಹಾಳೆಯನ್ನು ಫೈಲಿಗೆ ಸೇರಿಸಿದರು.

ಸಲಕರಣೆ ಕಡಿಮೆ ಇರುವ ಕಡೆ ಸುಲಭದ ದಾರಿಯೇ ಒಳ್ಳೆಯ ದಾರಿ ಆಗಿರುವ ಉದಾಹರಣೆಗಳು ದೊಡ್ಡ ಊರುಗಳಲ್ಲೂ ಇವೆ. 1942ರ ನವೆಂಬರ್ 28ರಂದು ಅಮೆರಿಕದ ಬಾಸ್ಟನ್ನಿನಲ್ಲಿ ಕೋಕೋನಟ್ ಗ್ರೋವ್ ಎಂಬ ನೈಟ್‌ಕ್ಲಬ್ಬಿಗೆ ಬೆಂಕಿ ಬಿದ್ದು 492 ಜನ ಸತ್ತರು. ಅಲ್ಲಿಯ ಮೆಸಾಚುಸೆಟ್ಸ್ ಜನರಲ್ ಆಸ್ಪತ್ರೆಗೆ ಎರಡು ಗಂಟೆಯೊಳಗೆ ನೂರಕ್ಕೂ ಹೆಚ್ಚು ಜನರನ್ನು ತಂದರು. ಅಲ್ಲಿಯ ತನಕ ರೂಢಿಯಲ್ಲಿದ್ದದ್ದು ಗಾಯವನ್ನು ಉಜ್ಜಿ ತೊಳೆದು, ಟ್ಯಾನಿಕ್ ಆಮ್ಲದಂಥದ್ದನ್ನು ಹಚ್ಚಿ ಗಡುಸು ಮಾಡುವುದು. ಅದಕ್ಕೆ ಬಹಳ ಕೈ, ಬಹಳ ಹೊತ್ತು ಬೇಕು. ಆ ಆಸ್ಪತ್ರೆಯ ಡಾಕ್ಟರುಗಳು ಅದನ್ನು ಬಿಟ್ಟು, ಗಾಯವನ್ನು ಕೆದಕದೆ ವ್ಯಾಸಲೀನ್ ಸವರಿದ ಬಟ್ಟೆ ಹೊದಿಸಿ ಕಟ್ಟಿ, ತಮ್ಮ ಹೊತ್ತನ್ನೆಲ್ಲ ಡ್ರಿಪ್ ಮತ್ತು ಉಸಿರಾಟ ನೋಡುವುದಕ್ಕೆ ಕೊಟ್ಟರು. ಇವತ್ತಿಗೂ ವ್ಯಾಸಲೀನ್ ಬಟ್ಟೆ ಬಳಕೆಯಲ್ಲಿದೆ.

ನಮ್ಮ ದೇಶದ್ದೇ ಬೇಕೆಂದರೆ, ಮುಂಬಯಿಯ ಡಾ. ಎಂ.ಎಚ್. ಕೇಸ್ವಾನಿ ಮತ್ತು ಜೊತೆಗಾರರು 1985ರಲ್ಲಿ ಬೇಯಿಸಿದ ಆಲೂಗಡ್ಡೆ ಸಿಪ್ಪೆಯನ್ನು ಬಟ್ಟೆಗೆ ಅಂಟಿಸಿ ಸುಟ್ಟ ಗಾಯಕ್ಕೆ ಹೊದಿಸುವ ವಿಧಾನ ಪ್ರಕಟಿಸಿದರು. 2003ರಲ್ಲಿ, ನನ್ನ ತಂಗಿ ಆಸ್ಪತ್ರೆಯಲ್ಲಿದ್ದ ಅದೇ ವರ್ಷ, ಬಾಳೆ ಎಲೆಯ ಡ್ರೆಸ್ಸಿಂಗ್ ಬಗ್ಗೆ ನಮ್ಮ ದೇಶದ ಡಾಕ್ಟರುಗಳ ಲೇಖನ ಬಂತು. ಬಾಳೆ ಎಲೆ ನುಣುಪು, ಗಾಯಕ್ಕೆ ಅಂಟುವುದಿಲ್ಲ, ಬಿಚ್ಚುವಾಗ ನೋವು ಕಡಿಮೆ. ಆದರೆ ಒಂದು ಮಾತು ಕೈಮುಗಿದು ಹೇಳುತ್ತೇನೆ. ಇದನ್ನು ಕೇಳಿ ಯಾರೂ ತೋಟದಿಂದ ಎಲೆ ಕುಯ್ದು ತಂದು ಗಾಯಕ್ಕೆ ಕಟ್ಟಬೇಡಿ. ಅವರು ಎಲೆಯನ್ನೂ ಸಿಪ್ಪೆಯನ್ನೂ ಆಸ್ಪತ್ರೆಯಲ್ಲಿ ಕ್ರಿಮಿ ಸಾಯುವ ಹಾಗೆ ಸಿದ್ಧ ಮಾಡಿ, ತೊಳೆದ ಗಾಯಕ್ಕೆ ಹಾಕಿದ್ದು. ನಮ್ಮ ಮನೆಯ ರಾಗಿ ಹಿಟ್ಟಿಗೂ ಅದಕ್ಕೂ ಇರುವ ವ್ಯತ್ಯಾಸ ಅದೇ. ಹಿಟ್ಟು, ಸಗಣಿ, ಬೆಣ್ಣೆ, ಮೊಟ್ಟೆ, ಟೂತ್‌ಪೇಸ್ಟ್, ಇಂಕು, ಉಪ್ಪು ಇವು ಶಾಖವನ್ನು ಹೊರಗೆ ಬಿಡುವುದಿಲ್ಲ, ಕ್ರಿಮಿಗೆ ಮನೆ ಮಾಡಿಕೊಡುತ್ತವೆ, ಡಾಕ್ಟರು ಅದನ್ನು ಕೆರೆದು ತೆಗೆಯುವಾಗ ಮಗುವಿಗೆ ಎರಡನೇ ಸಲ ಸುಟ್ಟಷ್ಟು ನೋವಾಗುತ್ತದೆ. ಆ ಅಳುವನ್ನು ನಾನು ಬಾಗಿಲ ಹೊರಗೆ ನಿಂತು ಕೇಳಿದ್ದೇನೆ.

ತಂಗಿ ಐದು ವಾರ ಆಸ್ಪತ್ರೆಯಲ್ಲಿದ್ದಳು. ತೊಡೆಯ ಚರ್ಮ ತೆಗೆದು ಕೈಗೆ ಹಾಕಿದರು. ಜೀವ ಉಳಿಯಿತು. ಊರಿಗೆ ಬಂದಳು. ಇಲ್ಲಿ ನಾವು ಎರಡನೇ ತಪ್ಪು ಮಾಡಿದೆವು. ಬೆರಳು ನೆಟ್ಟಗೆ ಇರಲು ಒಂದು ಪಟ್ಟಿ ಕೊಟ್ಟಿದ್ದರು, ದಿನಕ್ಕೆ ನಾಲ್ಕು ಸಲ ಬೆರಳು ಬಿಡಿಸಿ ಮಡಿಸಿ ಮಾಡಿಸಿ ಅಂದಿದ್ದರು. ಪಟ್ಟಿ ಕಟ್ಟಿದರೆ ಅಳುತ್ತಿದ್ದಳು. ಅಜ್ಜಿ "ಪಾಪ, ಬಿಡ್ರೋ" ಅನ್ನುತ್ತಿತ್ತು. ಅವ್ವನಿಗೂ ಕರುಳು ಚುರುಕ್ ಅನ್ನುತ್ತಿತ್ತು. ಬಿಟ್ಟೆವು. ಆರು ತಿಂಗಳಿಗೆ ಮೂರು ಬೆರಳು ಅಂಗೈಗೆ ಬಾಗಿ ಅಂಟಿಕೊಂಡವು. ಸುಟ್ಟ ಚರ್ಮ ವಾಸಿಯಾಗುವಾಗ ಎಳೆದುಕೊಳ್ಳುತ್ತದೆ. ರೋಗಿಗೆ ಯಾವ ಭಂಗಿ ಹಾಯ್ ಅನ್ನಿಸುತ್ತದೋ ಅದೇ ಭಂಗಿಯಲ್ಲಿ ಕೀಲು ಸೇರಿಬಿಡುತ್ತದೆ. ಕುತ್ತಿಗೆ ಸುಟ್ಟವರಿಗೆ ದಿಂಬು ಕೊಟ್ಟರೆ ಗಲ್ಲ ಎದೆಗೆ ಅಂಟುತ್ತದೆ. ಮೊಣಕೈ ಮಡಿಸಿಟ್ಟುಕೊಂಡರೆ ಹಾಗೆಯೇ ನಿಲ್ಲುತ್ತದೆ. ಇದಕ್ಕೆ ಬೇಕಾದದ್ದು ದುಬಾರಿ ಔಷಧಿ ಅಲ್ಲ. ಒಂದು ಪಟ್ಟಿ, ತಿಂಗಳುಗಟ್ಟಲೆ ತಾಳ್ಮೆ, ಮಗು ಅತ್ತರೂ ಬಿಡದ ಒಬ್ಬ ಮನುಷ್ಯ.

ಊಟದ ವಿಷಯದಲ್ಲೂ ತಪ್ಪಿದೆವು. ನಂಜು ಅಂತ ಮೊಟ್ಟೆ ಬೇಡ, ಕಾಳು ಬೇಡ, ಬದನೆ ಬೇಡ, ಬರೀ ಗಂಜಿ. ಹೊಸ ಚರ್ಮ ಬೆಳೆಯಬೇಕಾದರೆ ಮೈಗೆ ಮಾಮೂಲಿಗಿಂತ ಹೆಚ್ಚು ಊಟ, ಅದರಲ್ಲೂ ಮೊಟ್ಟೆ, ಹಾಲು, ಬೇಳೆ, ಮೀನು, ಮಾಂಸದಂಥ ಪ್ರೋಟೀನ್ ಬೇಕು. ಸುಟ್ಟ ಗಾಯದವರಿಗೆ ಪಥ್ಯ ಮಾಡಿಸುವುದು ಅಂದರೆ ಮನೆ ಕಟ್ಟುವಾಗ ಇಟ್ಟಿಗೆ ಕೊಡದ ಹಾಗೆ.

ತಂಗಿ ಎಡಗೈಯಲ್ಲಿ ಬರೆಯುವುದನ್ನು ಕಲಿತಳು. ಇದೇ ಶಾಲೆಗೆ ಬಂದಳು. 2011ರಲ್ಲಿ, ನಾನು ಕೆಲಸಕ್ಕೆ ಸೇರಿದ ಮೇಲೆ, ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಿದೆವು. ಎರಡು ಬೆರಳು ಬಿಡಿಸಿಕೊಂಡವು, ಒಂದು ಇಲ್ಲ. ಈಗ ಅವಳು ಪಿಯು ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತಾಳೆ, ಎಡಗೈಯಲ್ಲೇ ಬೋರ್ಡಿನ ಮೇಲೆ ಬರೆಯುತ್ತಾಳೆ. ಈ ಭಾಷಣಕ್ಕೆ ಮೊದಲು ಅವಳನ್ನು ಕೇಳಿದೆ. "ಹೇಳು ಅಣ್ಣ. ಆದರೆ ಎಲ್ಲರ ಕೈಲಿ ಅಯ್ಯೋ ಪಾಪ ಅನ್ನಿಸಬೇಡ. ಬಕೆಟ್ಟಿನ ವಿಷಯ ಹೇಳು, ಅದು ಉಪಯೋಗ" ಅಂದಳು. ಬಕೆಟ್ಟಿನ ವಿಷಯವನ್ನು ನಾನು ಅವಳಿಗೆ ಹೇಳಿದ್ದೇ ಆಪರೇಷನ್ನಿನ ಹಿಂದಿನ ರಾತ್ರಿ. "ಗೊತ್ತಿತ್ತು" ಅಂದಳು. ಮತ್ತೇನೂ ಅನ್ನಲಿಲ್ಲ.

ಹಾಗಾಗಿ ಅದನ್ನೇ ಹೇಳುತ್ತೇನೆ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಯಾವತ್ತೂ ಇದೇ ಕ್ರಮ. ಸಾರಿನ ಪಾತ್ರೆ ನೆಲದ ಮೇಲೆ ಇಡಬೇಡಿ. ಒಲೆಯ ಹತ್ತಿರ ನೈಲಾನ್ ಸೀರೆ, ದುಪ್ಪಟ್ಟಾ ಜೋತಾಡದಿರಲಿ. ಮೈಗೆ ಬೆಂಕಿ ಹತ್ತಿದರೆ ಓಡಬೇಡಿ, ನಿಂತು, ಮಲಗಿ, ಉರುಳಿ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,80,000 ಜನ ಸುಟ್ಟ ಗಾಯದಿಂದ ಸಾಯುತ್ತಾರೆ. ನಮ್ಮ ದೇಶವೊಂದರಲ್ಲೇ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಜನರಿಗೆ ಸಾಧಾರಣದಿಂದ ತೀವ್ರ ಮಟ್ಟದ ಸುಟ್ಟ ಗಾಯ ಆಗುತ್ತದೆ. ಹಿರಿಯರಿಗೆ ನೆನಪಿರಬಹುದು, 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹುಪಾಲು ಮಕ್ಕಳು. ಆದರೆ ದಿನಾ ನಡೆಯುವ ಅವಘಡಗಳು ಪತ್ರಿಕೆಗೆ ಬರುವುದಿಲ್ಲ. ಅವು ನಮ್ಮ ಬಚ್ಚಲಲ್ಲಿ, ಒಲೆಯ ಮುಂದೆ ಆಗುತ್ತವೆ. ಬಹಳ ಸಲ ಹೆಣ್ಣುಮಕ್ಕಳಿಗೆ ಆಗುತ್ತವೆ. ಪೊಲೀಸ್ ಕೇಸ್ ಆಗುತ್ತದೆ ಅಂತ ಹೆದರಿ ಮನೆಯಲ್ಲೇ ಇಟ್ಟುಕೊಳ್ಳುವುದೂ ಉಂಟು. ಕೇಸು ಆಮೇಲೆ ನೋಡಿಕೊಳ್ಳಬಹುದು, ಹೊತ್ತು ಮೀರಿದರೆ ಜೀವ ಸಿಗುವುದಿಲ್ಲ.

ಯಾರನ್ನು ತಡ ಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು? ಮುಖ, ಕೈ, ಪಾದ, ಗುಪ್ತಾಂಗ, ಕೀಲುಗಳ ಮೇಲೆ ಸುಟ್ಟವರನ್ನು. ಕೈಕಾಲಿನ ಸುತ್ತ ಬಳೆಯ ಹಾಗೆ ಸುಟ್ಟವರನ್ನು. ಕರೆಂಟ್ ಹೊಡೆದವರನ್ನು, ಗಾಯ ಹೊರಗೆ ಚಿಕ್ಕದಾಗಿ ಕಂಡರೂ ಒಳಗೆ ದೊಡ್ಡದಿರುತ್ತದೆ. ಆಸಿಡ್ ಬಿದ್ದವರನ್ನು, ದಾರಿಯುದ್ದಕ್ಕೂ ನೀರು ಹಾಕುತ್ತಾ. ಮುಚ್ಚಿದ ಕೋಣೆಯ ಹೊಗೆ ಕುಡಿದವರನ್ನು, ದನಿ ಗೊಗ್ಗರಾದರೆ, ಮೂಗಿನ ಕೂದಲು ಸುಟ್ಟಿದ್ದರೆ, ಉಗುಳಲ್ಲಿ ಮಸಿ ಬಂದರೆ ಒಂದು ನಿಮಿಷವೂ ಕಾಯಬಾರದು. ಮಕ್ಕಳು, ಬಸುರಿಯರು, ವಯಸ್ಸಾದವರನ್ನು ಗಾಯ ಚಿಕ್ಕದಾದರೂ ತೋರಿಸಬೇಕು.

ಕೊನೆಯದಾಗಿ ನಮ್ಮ ಶಾಲೆಯ ವಿಷಯ. ಹಳೆಯ ವಿದ್ಯಾರ್ಥಿಗಳ ನಿಧಿಯಿಂದ ಮಹಾದ್ವಾರ ಕಟ್ಟಿಸುವ ಮಾತಿದೆ. ಬೇಡ ಅನ್ನುತ್ತಿಲ್ಲ, ನನ್ನ ಪಾಲೂ ಇರಲಿ. ಆದರೆ ಅದಕ್ಕೆ ಮೊದಲು ಬಿಸಿಯೂಟದ ಅಡುಗೆ ಕೋಣೆಯ ಪಕ್ಕ ಒಂದು ಕೆಲಸ ಆಗಲಿ. ನೂರಾರು ಮಕ್ಕಳ ಸಾರು ಕುದಿಯುವ ಜಾಗ ಅದು. ಬೇಸಿಗೆಯಲ್ಲಿ ನಮ್ಮ ಕೊಳಾಯಿಯಲ್ಲಿ ನೀರು ಬರುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ನಾನು ಲೆಕ್ಕ ಹಾಕಿದೆ. ನಿಮಿಷಕ್ಕೆ 5 ಲೀಟರ್ ಬಿಡುವ ಸಣ್ಣ ನಲ್ಲಿಯಾದರೆ 20 ನಿಮಿಷಕ್ಕೆ 100 ಲೀಟರ್ ಸಾಕು. 200 ಲೀಟರಿನ ಒಂದು ಡ್ರಮ್ಮು, ನೆರಳಿನಲ್ಲಿ, ಕಟ್ಟೆಯ ಮೇಲೆ, ಕೆಳಗೊಂದು ನಲ್ಲಿ. ಇಬ್ಬರಿಗೆ ಆಗುತ್ತದೆ. ನೀರು ಅದಕ್ಕಿಂತ ಕಡಿಮೆ ಇದ್ದರೆ ಒದ್ದೆ ಬಟ್ಟೆ ಹೊದಿಸಿ ಎರಡು ಮೂರು ನಿಮಿಷಕ್ಕೊಮ್ಮೆ ಬದಲಿಸಬೇಕು. ಡ್ರಮ್ಮಿನ ಪಕ್ಕ ಒಂದು ಡಬ್ಬಿ: ಒಗೆದು ಇಸ್ತ್ರಿ ಮಾಡಿದ ನಾಲ್ಕು ಹತ್ತಿ ಬಟ್ಟೆ, ಕತ್ತರಿ, ಹತ್ತು ಓಆರ್‌ಎಸ್ ಪೊಟ್ಟಣ, ಒಂದು ನೋಟ್ ಪುಸ್ತಕ, ಪೆನ್ಸಿಲ್. ಗೋಡೆಯ ಮೇಲೆ 108 ಮತ್ತು ಆರೋಗ್ಯ ಕೇಂದ್ರದ ನಂಬರು. ಇದರ ಖರ್ಚನ್ನು ನಮ್ಮ 2004ರ ಬ್ಯಾಚಿನವರು ಕೊಡುತ್ತೇವೆ, ಈಗಾಗಲೇ ಮಾತಾಡಿಕೊಂಡಿದ್ದೇವೆ.

ಮೇಷ್ಟ್ರುಗಳಲ್ಲಿ ಒಂದು ಬೇಡಿಕೆ. ಪ್ರತಿ ವರ್ಷ ಒಂಬತ್ತನೇ ಕ್ಲಾಸಿನ ಶಾಖದ ಪಾಠ ಮುಗಿದ ದಿನ ಮಕ್ಕಳನ್ನು ಆ ಡ್ರಮ್ಮಿನ ಹತ್ತಿರ ಕರೆದೊಯ್ಯಿರಿ. ಒಬ್ಬ ಹುಡುಗನ ಕೈಯನ್ನು ನಲ್ಲಿಯ ಕೆಳಗೆ ಹಿಡಿಸಿ, ಇನ್ನೊಬ್ಬಳ ಕೈಗೆ ಗಡಿಯಾರ ಕೊಟ್ಟು 20 ನಿಮಿಷ ಸುಮ್ಮನೆ ನಿಲ್ಲಿಸಿ. ಅದು ಎಷ್ಟು ಉದ್ದದ ಹೊತ್ತು ಅಂತ ಅವರಿಗೆ ಗೊತ್ತಾಗಲಿ. ಅಳುವ ಮಗುವಿನ ಕೈಯನ್ನು ಎರಡೇ ನಿಮಿಷಕ್ಕೆ ತೆಗೆಯಬೇಕು ಅನ್ನಿಸುತ್ತದೆ. ತೆಗೆಯಬಾರದು ಅಂತ ಮನೆಯಲ್ಲಿ ಹೇಳುವವರು ಒಬ್ಬರಾದರೂ ಇರಲಿ.

ಸಿಸ್ಟರಮ್ಮ ಈಗ ನಿವೃತ್ತಿಯಾಗಿ ಮಗಳ ಮನೆಯಲ್ಲಿದ್ದಾರೆ. ಹೋದ ತಿಂಗಳು ನಾನು, ತಂಗಿ ಹೋಗಿ ನೋಡಿಕೊಂಡು ಬಂದೆವು. ಇವತ್ತು ನಾನು ಹೇಳಿದ್ದನ್ನೆಲ್ಲ ಮೊದಲು ಅವರ ಮುಂದೆ ಓದಿದೆ. ಎರಡು ಕಡೆ ತಿದ್ದಿದರು. ಹೊರಡುವಾಗ ತಂಗಿಯ ಬಲಗೈ ಹಿಡಿದು, ಬೆರಳು ಒಂದೊಂದಾಗಿ ಬಿಡಿಸಿ ನೋಡಿ, "ದಿನಾ ಎಣ್ಣೆ ಹಚ್ಚಿ ನೀವಿಕೊಳ್ತಿದೀಯ ತಾನೇ?" ಅಂದರು. ಅವಳು "ಹೂಂ ಸಿಸ್ಟರ್" ಅಂದಳು. ದಾರಿಯಲ್ಲಿ ಬರುವಾಗ, "ಸುಳ್ಳು ಹೇಳಿದೆ ಅಣ್ಣ, ನಾಳೆಯಿಂದ ಶುರು ಮಾಡಬೇಕು" ಅಂದಳು.



(ಲೇಖಕರು 2003–04ನೇ ಸಾಲಿನ ಎಸ್ಸೆಸ್ಸೆಲ್ಸಿ ತಂಡದ ಹಳೆಯ ವಿದ್ಯಾರ್ಥಿ, ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್)